ಮೂರು ಊರಿಗೆ ಒಂದೇ ಒಣಕಸ ಘಟಕ

ಮಾನ್ಯರೇ, ಕರಾವಳಿಯಲ್ಲಿರುವ ನಿಮ್ಮ ಪಟ್ಟಣ ಪಂಚಾಯತ್ ನೆರೆಯ ಎರಡು ಊರುಗಳೊಡನೆ ಸೇರಿ ಕಸ ವಿಂಗಡಣಾ ಘಟಕ ನಡೆಸಬಹುದೇ, ವೆಚ್ಚವನ್ನು ಹೇಗೆ ಹಂಚಿಕೊಳ್ಳಬೇಕು ಎಂದು ಕೇಳಿದ್ದೀರಿ. ಖಂಡಿತ ನಡೆಸಬಹುದು. ಪಂಚಾಯತ್ ಮತ್ತು ಪುರಸಭೆಗಳ ಸಮಾನ ಹಿತದ ವಿಷಯಗಳನ್ನು ಜಿಲ್ಲಾ ಯೋಜನಾ ಸಮಿತಿಯು ಗಮನಿಸಬೇಕೆಂದು ಸಂವಿಧಾನದ 243ಜಡ್‌ಡಿ ವಿಧಿಯೇ ಹೇಳುತ್ತದೆ. ಉಡುಪಿ ಜಿಲ್ಲೆಯ ನಿಟ್ಟೆಯಲ್ಲಿ ದಿನಕ್ಕೆ 10 ಟನ್ ಸಾಮರ್ಥ್ಯದ ಘಟಕವೊಂದು ಹಲವು ಗ್ರಾಮ ಪಂಚಾಯತ್‌ಗಳ ಒಣಕಸವನ್ನು ಒಟ್ಟಾಗಿ ವಿಂಗಡಿಸುತ್ತದೆ. ನಿಮ್ಮ ಸದಸ್ಯರನ್ನು ಒಮ್ಮೆ ಅಲ್ಲಿಗೆ ಕರೆದೊಯ್ಯಿರಿ.

ವೆಚ್ಚವನ್ನು ಜನಸಂಖ್ಯೆಯ ಬದಲು ತೂಕದ ಮೇಲೆ ಹಂಚುವುದು ನ್ಯಾಯವೆಂದು ನನ್ನ ಅಭಿಪ್ರಾಯ, ಏಕೆಂದರೆ ದೇವಸ್ಥಾನವೋ ಕಡಲತೀರವೋ ಇರುವ ಊರಿನಲ್ಲಿ ಯಾತ್ರಿಕರ ಕಸವೂ ಸೇರುತ್ತದೆ ಮತ್ತು ಅದು ಜನಗಣತಿಯಲ್ಲಿ ಕಾಣುವುದಿಲ್ಲ. ಆದ್ದರಿಂದ ಮೊದಲು ಬೇಕಾದದ್ದು ಕಸದ ಲಾರಿಯನ್ನೇ ತೂಗುವ ವೇಬ್ರಿಡ್ಜ್ ಮತ್ತು ಮೂರೂ ಊರಿನವರು ನೋಡಬಹುದಾದ ದಾಖಲೆ ಪುಸ್ತಕ. ಹಸಿಕಸವನ್ನು ಮಾತ್ರ ಆಯಾ ಊರಿನಲ್ಲೇ ಗೊಬ್ಬರ ಮಾಡಿ. ಇಲ್ಲವಾದರೆ ಮಳೆಗಾಲದಲ್ಲಿ ನೀರಿನ ಭಾರವನ್ನೇ ಲಾರಿಯಲ್ಲಿ ಸಾಗಿಸಿದಂತಾಗುತ್ತದೆ.

ನಿಜವಾದ ತೊಡಕು ಜಾಗದ್ದು. ಕರಾವಳಿ ನಿಯಂತ್ರಣ ವಲಯದಲ್ಲಿ, ಅಂದರೆ ಕಡಲಿಗೆ ಹತ್ತಿರದ ನಿರ್ಬಂಧಿತ ಪ್ರದೇಶದಲ್ಲಿ, ಪಟ್ಟಣದ ಕಸ ಸುರಿಯುವುದು ನಿಷಿದ್ಧವಾದ್ದರಿಂದ ಸಾಮಾನ್ಯವಾಗಿ ಒಳನಾಡಿನ ಊರೊಂದು ಘಟಕಕ್ಕೆ ಸ್ಥಳ ಕೊಡಬೇಕಾಗುತ್ತದೆ. ಆ ಊರಿಗೆ ಪ್ರತಿ ಟನ್ನಿಗೆ ನಿಗದಿತ ಶುಲ್ಕ, ಬಾವಿ ನೀರಿನ ನಿಯಮಿತ ಪರೀಕ್ಷೆ, ಉದ್ಯೋಗದಲ್ಲಿ ಆದ್ಯತೆ ಇವು ಒಪ್ಪಂದಪತ್ರದಲ್ಲೇ ಇರಲಿ, ಅದಕ್ಕೆ ಗ್ರಾಮಸಭೆಯ ಒಪ್ಪಿಗೆಯನ್ನೂ ಮೊದಲೇ ಪಡೆಯಿರಿ.