40 ಬ್ಲೈಂಡ್ ಇಟ್ಟುಕೊಂಡು ಎಕ್ಕ-9ಕ್ಕೆ ಆಲ್-ಇನ್ ಬೇಡ

ಪೋಕರ್‌ನಲ್ಲಿ ಎಕ್ಕ-9 ಹಿಡಿದು ಫ್ಲಾಪ್‌ಗೂ (ಮೇಜಿನ ಮೇಲೆ ಬಿಚ್ಚುವ ಮೊದಲ ಮೂರು ಎಲೆ) ಮೊದಲೇ ಆಲ್-ಇನ್ ಹೋದರೆ (ಇರುವ ಚಿಪ್ಸನ್ನೆಲ್ಲ ಒಡ್ಡಿದರೆ) ಯಾವಾಗಲೂ ದೊಡ್ಡ ಎಲೆಯವರೇ ಕಾಲ್ ಮಾಡುತ್ತಾರೆ (ಅಷ್ಟೇ ಒಡ್ಡಿ ಆಟದಲ್ಲಿ ಉಳಿಯುತ್ತಾರೆ) ಎಂದಿರಿ. ಕಾರಣ ನಿಮ್ಮ ಎಲೆಯಲ್ಲ, ನಿಮ್ಮ ಸ್ಟ್ಯಾಕ್, ಅಂದರೆ ನಿಮ್ಮ ಮುಂದಿರುವ ಚಿಪ್ಸ್ ರಾಶಿ. ಬರೀ ಒಂದೂವರೆ ಬ್ಲೈಂಡ್ (ಎಲೆ ನೋಡುವ ಮೊದಲೇ ಇಬ್ಬರು ಕಡ್ಡಾಯವಾಗಿ ಇಡುವ ಪಣ) ಗೆಲ್ಲಲು 40 ಬ್ಲೈಂಡ್ ಒಡ್ಡುತ್ತಿದ್ದೀರಿ. ಸಣ್ಣ ಎಲೆಯವರು ಫೋಲ್ಡ್ ಮಾಡುತ್ತಾರೆ (ಎಲೆ ಬಿಟ್ಟುಬಿಡುತ್ತಾರೆ), ರಾಣಿ ಜೋಡಿ ಅಥವಾ ಎಕ್ಕ-ರಾಜ ಇದ್ದವರು ಮಾತ್ರ ಉಳಿಯುತ್ತಾರೆ, ಅವರ ಎದುರು ನೀವು ನೂರಕ್ಕೆ 30 ಸಲ ಗೆದ್ದರೂ ಜಾಸ್ತಿಯೇ.

ಪ್ರತಿ ಕೈಗೂ ಮೊದಲು ಸ್ಟ್ಯಾಕನ್ನು ಬಿಗ್ ಬ್ಲೈಂಡ್‌ನಿಂದ (ಎರಡು ಬ್ಲೈಂಡ್‌ಗಳಲ್ಲಿ ದೊಡ್ಡದು) ಭಾಗಿಸಿ. 10 ಅಥವಾ ಕಡಿಮೆ ಬಂದರೆ ಆಲ್-ಇನ್ ಇಲ್ಲವೇ ಫೋಲ್ಡ್, ನಡುವೆ ಸುಮ್ನೆ ಕಾಲ್ ಬೇಡ. ಹಾಗೆ 10ರೊಳಗಿದ್ದಾಗ ಕೂತ ಜಾಗ ನೋಡಿ. ನಿಮಗಿಂತ ಮೊದಲಿನವರೆಲ್ಲ ಫೋಲ್ಡ್ ಮಾಡಿ ನೀವು ಬಟನ್‌ನಲ್ಲಿದ್ದರೆ (ಎಲೆ ಹಂಚುವವರ ಜಾಗ) ಯಾವ ಜೋಡಿ, ಯಾವ ಎಕ್ಕ ಬಂದರೂ ತಳ್ಳಬಹುದು, ಅಂದರೆ ಆಲ್-ಇನ್ ಹೋಗಬಹುದು. ಮೊದಲು ಆಡಬೇಕಾದ ಸೀಟಿನಲ್ಲಾದರೆ 7ರ ಜೋಡಿಯಿಂದ ಮೇಲೆ, ಎಕ್ಕ-ಗುಲಾಮದಿಂದ ಮೇಲೆ ಸಾಕು. 25ಕ್ಕಿಂತ ಜಾಸ್ತಿ ಇದ್ದಾಗ ಎರಡೂಕಾಲು ಬ್ಲೈಂಡ್‌ನಷ್ಟು ರೇಸ್ ಮಾಡಿ (ಪಣ ಏರಿಸಿ), ನಿಮ್ಮ ನಂತರ ಯಾರಾದರೂ ಆಲ್-ಇನ್ ಬಂದರೆ ಎಕ್ಕ-9 ಬಿಟ್ಟುಬಿಡಿ.

ನಿಮ್ಮದು ಟೂರ್ನಮೆಂಟೋ ಕ್ಯಾಶ್ ಆಟವೋ (ಚಿಪ್ಸೇ ನೇರ ಹಣವಾಗಿರುವ ಆಟ) ಬರೆದಿಲ್ಲ, ಟೂರ್ನಮೆಂಟ್ ಅಂದುಕೊಂಡು ಹೇಳಿದ್ದೇನೆ. ಅದರಲ್ಲೂ ಬಹುಮಾನದ ಹೊಸ್ತಿಲಲ್ಲಿ ಇನ್ನೊಬ್ಬರ ಆಲ್-ಇನ್‌ಗೆ ಕಾಲ್ ಮಾಡುವುದನ್ನು ತುಂಬಾ ಕಡಿಮೆ ಮಾಡಿ. ಅಲ್ಲಿ ತಳ್ಳುವವರಾಗಿ, ಕಾಲ್ ಮಾಡುವವರಾಗಬೇಡಿ.