ಮೋಟು ನುಯಿ: ಹತ್ತು ಎಕರೆಯೂ ಇಲ್ಲದ ಬಂಡೆಗೆ ಅಷ್ಟು ಮಹತ್ವ ಯಾಕೆ?

ಈಸ್ಟರ್ ದ್ವೀಪದ ಪಕ್ಕದ ಮೋಟು ನುಯಿಯಲ್ಲಿ ಯಾರೂ ವಾಸವಿಲ್ಲ, ಆದರೂ ಯಾಕೆ ಅದಕ್ಕೆ ಇಷ್ಟು ಹೆಸರು ಅಂತ ಕೇಳಿದ್ದೀರಿ. ಒಂದು ಮೊಟ್ಟೆಯಿಂದಾಗಿ.

ಮೊದಲು ಜಾಗ ಹೇಳುತ್ತೇನೆ. ಈಸ್ಟರ್ ದ್ವೀಪವನ್ನು ಅಲ್ಲಿಯವರು ರಾಪಾ ನುಯಿ ಅನ್ನುತ್ತಾರೆ. ಈಗ ಚಿಲಿ ದೇಶಕ್ಕೆ ಸೇರಿದೆ. ಅದರ ನೈಋತ್ಯ ಮೂಲೆಯಲ್ಲಿ ರಾನೊ ಕಾವ್ ಎಂಬ ಆರಿದ ಜ್ವಾಲಾಮುಖಿ. ಅದರ ಬುಡದಾಚೆ ಕಡಲಲ್ಲಿ ಮೂರು ಬಂಡೆಗಳು. ಕಂಬದ ಹಾಗೆ ನಿಂತದ್ದು ಮೋಟು ಕಾವ್ ಕಾವ್, ಚಿಕ್ಕದು ಮೋಟು ಇಟಿ, ಎಲ್ಲಕ್ಕಿಂತ ಆಚೆಯದು ಮೋಟು ನುಯಿ. ನುಯಿ ಅಂದರೆ ದೊಡ್ಡದು. ಹಾಗಂದರೂ ಹತ್ತು ಎಕರೆ ತುಂಬುವುದಿಲ್ಲ. ಆದರೆ ನಮಗೆ ಕಾಣುವುದು ತುದಿ ಮಾತ್ರ. ಕಡಲ ತಳದಿಂದ 2,000 ಮೀಟರಿಗೂ ಹೆಚ್ಚು ಎದ್ದ ಬೆಟ್ಟ ಅದು.

ಪ್ರತಿ ವರ್ಷ ಅಲ್ಲಿಗೆ ಮನುತಾರ ಎಂಬ ಕಡಲಹಕ್ಕಿ ಮೊಟ್ಟೆ ಇಡಲು ಬರುತ್ತಿತ್ತು. ಬೆನ್ನು ಕಪ್ಪು, ಹೊಟ್ಟೆ ಬಿಳಿ. ಅದರ ಮೊದಲ ಮೊಟ್ಟೆ ಯಾರ ಕೈಗೆ ಸಿಗುತ್ತದೋ ಅವರ ಕಡೆಯ ಮುಖಂಡನೇ ಆ ವರ್ಷದ 'ತಂಗಾತ ಮನು', ಅಂದರೆ ಹಕ್ಕಿಮನುಷ್ಯ. ಮುಖಂಡರು ತಾವು ಈಜುತ್ತಿರಲಿಲ್ಲ, ತಮ್ಮ ಪರವಾಗಿ ಒಬ್ಬೊಬ್ಬ ಹುಡುಗನನ್ನು ಕಳಿಸುತ್ತಿದ್ದರು. ಅವರನ್ನು ಹೋಪು ಅನ್ನುತ್ತಿದ್ದರು. ರಾನೊ ಕಾವ್‌ನ ಸುಮಾರು 300 ಮೀಟರ್ ಕಡಿದಾದ ಬಂಡೆ ಇಳಿದು, ಜೊಂಡಿನ ಕಟ್ಟನ್ನು ಎದೆಗೆ ಆನಿಸಿಕೊಂಡು, ಶಾರ್ಕ್ ಇರುವ ನೀರಲ್ಲಿ ಈಜಿ ದಾಟಬೇಕು. ಆಮೇಲೆ ಅಲ್ಲಿನ ಗುಹೆಗಳಲ್ಲಿ ಹಕ್ಕಿಗಾಗಿ ಕಾಯಬೇಕು. ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ.

ನನಗೆ ಜಾಸ್ತಿ ಹಿಡಿಸಿದ್ದು ಮುಂದಿನದು. ಮೊಟ್ಟೆ ಸಿಕ್ಕವನು ದ್ವೀಪದ ಕಡೆ ತಿರುಗಿ ತನ್ನ ಮುಖಂಡನ ಹೆಸರು ಕೂಗಿ 'ತಲೆ ಬೋಳಿಸಿಕೋ' ಅನ್ನುತ್ತಿದ್ದನಂತೆ! ಆಮೇಲೆ ಮೊಟ್ಟೆಯನ್ನು ಹಣೆಗೆ ಕಟ್ಟಿಕೊಂಡು, ಒಡೆಯದ ಹಾಗೆ ಈಜಿ, ಮತ್ತೆ ಅದೇ ಬಂಡೆ ಹತ್ತಬೇಕು. ಗೆದ್ದ ಮುಖಂಡ ತಲೆ ಬೋಳಿಸಿಕೊಂಡು, ಒಂದು ವರ್ಷ ಎಲ್ಲರಿಂದ ದೂರ, ಮಡಿಯಲ್ಲಿ ಇರುತ್ತಿದ್ದ. ಅವನ ಕುಲದವರದೇ ಆ ವರ್ಷ ಮೇಲುಗೈ.

1862ರ ಕೊನೆಯಿಂದ ಪೆರುವಿನ ಹಡಗುಗಳು ದ್ವೀಪದ ಸಾವಿರಕ್ಕೂ ಹೆಚ್ಚು ಜನರನ್ನು ಹಿಡಿದೊಯ್ದವು. ಮರಳಿ ಬಂದ ಕೆಲವರ ಜೊತೆ ಸಿಡುಬೂ ಬಂತು. ಹಿಂದೆಯೇ ಪಾದ್ರಿಗಳು ಬಂದರು. ಆ ದಶಕದಲ್ಲೇ ಈ ಆಚರಣೆ ನಿಂತುಹೋಯಿತು. ಓದುವಾಗ ಕರುಳು ಚುರುಕ್ ಅನ್ನುತ್ತದೆ.

ಆ ಬಂಡೆಗಳ ಎದುರಿಗೇ, ರಾನೊ ಕಾವ್‌ನ ಅಂಚಿನಲ್ಲಿ, ಒರೊಂಗೊ ಎಂಬ ಕಲ್ಲುಮನೆಗಳ ಊರಿದೆ. ಅಲ್ಲಿನ ಒಂದು ಮನೆಯೊಳಗೆ ಇದ್ದ ಹೋವಾ ಹಕನನೈಆ ಎಂಬ ಕಲ್ಲಿನ ಪ್ರತಿಮೆಯನ್ನು 1868ರಲ್ಲಿ ಬ್ರಿಟಿಷ್ ನೌಕಾಪಡೆಯ ಹಡಗು ಹೊತ್ತೊಯ್ದಿತು. ಈಗಲೂ ಅದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಅದನ್ನು ವಾಪಸ್ ಕೊಡಿ ಅಂತ ರಾಪಾ ನುಯಿಯವರು 2018ರಲ್ಲಿ ಅಲ್ಲಿಗೇ ಹೋಗಿ ಕೇಳಿದರು. ಕೊಡಬೇಕು ಅಂತಲೇ ನನಗನ್ನಿಸುತ್ತದೆ. ನೀವೇನಾದರೂ ಲಂಡನ್ನಿಗೆ ಹೋದರೆ ಮುಖ ನೋಡಿ ಬಂದುಬಿಡಬೇಡಿ. ಸುತ್ತಿಕೊಂಡು ಬೆನ್ನ ಕಡೆ ಹೋಗಿ. ಅಲ್ಲಿ ಇಬ್ಬರು ಹಕ್ಕಿಮನುಷ್ಯರು ಎದುರುಬದುರಾಗಿ ನಿಂತಿದ್ದಾರೆ.