ಮೂರು ವಾರದ ನಾಯಿಮರಿಯಿಂದ ಮಕ್ಕಳಿಗೆ ಹೊಟ್ಟೆಹುಳ ಬರುತ್ತದೆಯೇ?

ಬರಬಹುದು. ಕಾಸರಗೋಡಿನ ನಿಮ್ಮ ಮನೆಯ ಅಂಗಳವನ್ನೇ ದಾಟದ ಮರಿಗೆ ಹುಳ ಎಲ್ಲಿಂದ ಎಂದು ಕೇಳಿದ್ದೀರಿ. ತಾಯಿಯಿಂದಲೇ. ಟಾಕ್ಸೊಕಾರಾ ಎಂಬ ದುಂಡುಹುಳದ ಮರಿಗಳು ತಾಯಿನಾಯಿಯ ಮಾಂಸಖಂಡದಲ್ಲಿ ಅಡಗಿದ್ದು, ಅದು ಗಬ್ಬವಾದಾಗ ಎಚ್ಚೆತ್ತು ಹೊಟ್ಟೆಯೊಳಗಿನ ಮರಿಗಳಿಗೆ ದಾಟುತ್ತವೆ. ಹಾಗಾಗಿ ಮೂರು ವಾರದ ಮರಿಯ ಮಲದಲ್ಲೂ ಹುಳದ ಮೊಟ್ಟೆ ಇರಬಹುದು.

ಆದರೆ ಹೊಸ ಮಲದಲ್ಲಿರುವ ಮೊಟ್ಟೆ ಸೋಂಕು ತಗಲಿಸುವುದಿಲ್ಲ. ಅದು ಮಣ್ಣಿನಲ್ಲಿ 2ರಿಂದ 4 ವಾರ ಬಲಿಯಬೇಕು. ಮರಿಯನ್ನು ಮುದ್ದಿಸುವುದಕ್ಕಿಂತ ಮಣ್ಣಾದ ಕೈ ಬಾಯಿಗೆ ಹೋಗುವುದೇ ಹೆಚ್ಚು ಅಪಾಯ. ಮನುಷ್ಯರ ದೇಹದಲ್ಲಿ ಈ ಹುಳ ಪೂರ್ತಿ ಬೆಳೆಯಲಾರದು. ಮರಿಹುಳವಾಗಿಯೇ ಯಕೃತ್ತು, ಶ್ವಾಸಕೋಶಗಳಲ್ಲಿ ಅಲೆಯುತ್ತದೆ. ಅಪರೂಪಕ್ಕೆ ಕಣ್ಣಿಗೆ ಹೋಗಿ ದೃಷ್ಟಿ ಕೆಡಿಸುತ್ತದೆ. ನನಗೆ ನಿಜವಾಗಿ ಭಯ ಇರುವುದು ಇದಕ್ಕೇ.

ನಾಯಿಯ ಕೊಕ್ಕೆಹುಳ ಬೇರೆ. ಅದರ ಮರಿಹುಳ ಬರಿಗಾಲಿನ ಚರ್ಮವನ್ನೇ ಕೊರೆದು ಒಳಹೋಗುತ್ತದೆ, ತುರಿಸುವ ಕೆಂಪು ಗೆರೆ ಅಂಕುಡೊಂಕಾಗಿ ಮೂಡುತ್ತದೆ. ಅಡಿಕೆ ತೋಟದ ನೆರಳಿನ ಒದ್ದೆ ಮಣ್ಣು, ಕಡಲ ಬದಿಯ ಹೊಯಿಗೆ ಎರಡೂ ಅದಕ್ಕೆ ಹಿತ.

ಮರಿಗೆ 2 ವಾರವಾದಾಗಿನಿಂದ 8 ವಾರದವರೆಗೆ ಎರಡು ವಾರಕ್ಕೊಮ್ಮೆ ಹುಳದ ಮದ್ದು ಕೊಡಿಸಿ, ತಾಯಿಗೂ ಕೊಡಿಸಿ; ಪ್ರಮಾಣವನ್ನು ಪಶುವೈದ್ಯರು ತೂಕ ನೋಡಿ ಹೇಳುತ್ತಾರೆ. ಮಲವನ್ನು ದಿನಾ ತೆಗೆದರೆ ಮೊಟ್ಟೆಗೆ ಬಲಿಯಲು ಸಮಯವೇ ಸಿಗದು. ಮಕ್ಕಳು ಆಡಿ ಬಂದ ಮೇಲೆ ಸೋಪು ಹಾಕಿ ಕೈ ತೊಳೆಯಲಿ. ದಯವಿಟ್ಟು ಹೆದರಿ ಮರಿಗಳನ್ನು ದಾರಿಗೆ ಬಿಡಬೇಡಿ.